ಮುಲ್ಲೈತೀವಿನ ಮಗುವಿಗೆ ಜಾಫ್ನಾ ಎಷ್ಟು ದೂರ?

ಈ ಅಂಕಣದಲ್ಲಿ ಶ್ರೀಲಂಕಾದ ಬಗ್ಗೆ ಬರೆದಾಗಲೆಲ್ಲ ಓದುಗರು ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ. ಯುದ್ಧದಲ್ಲಿ ಮನೆಮಠ ಕಳೆದುಕೊಂಡವರಿಗೆ ಮೊದಲು ಬೇಕಾದದ್ದು ಸೂರು, ಅನ್ನ, ರಸ್ತೆ, ಆಸ್ಪತ್ರೆ. ಹಾಗಿರುವಾಗ ವಿಶ್ವವಿದ್ಯಾಲಯಕ್ಕೆ ಹಣ ಕೊಡುವುದರಲ್ಲಿ ಏನರ್ಥ? ನಿವೃತ್ತ ಮೇಷ್ಟರೊಬ್ಬರು ಇದನ್ನೇ ಇನ್ನಷ್ಟು ಖಡಕ್ಕಾಗಿ ಕೇಳಿದ್ದರು: ಹಳ್ಳಿಯ ಶಾಲೆ ಸರಿಹೋಗುವ ಮೊದಲೇ ವಿಶ್ವವಿದ್ಯಾಲಯ ಬೆಳೆಸುವುದು ಪಾಯ ತೋಡದೆ ತಾರಸಿ ಹಾಕಿದಂತಲ್ಲವೇ ಎಂದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಸಾಮಾನ್ಯ ಮಾತುಗಳಲ್ಲಿ ಉತ್ತರ ಕೊಡುವ ಬದಲು ಒಂದೇ ಊರನ್ನು, ಒಂದೇ ವಿಶ್ವವಿದ್ಯಾಲಯವನ್ನು ಮುಂದಿಟ್ಟುಕೊಂಡು ಯೋಚಿಸೋಣ. ಆ ಊರು ಶ್ರೀಲಂಕಾದ ಉತ್ತರ ತುದಿಯ ಜಾಫ್ನಾ.

ಜಾಫ್ನಾವನ್ನು ಆರಿಸಿಕೊಳ್ಳಲು ಕಾರಣವಿದೆ. ಬೇರೆ ಎಷ್ಟೋ ದೇಶಗಳಲ್ಲಿ ಯುದ್ಧ ಹೊರಗೆಲ್ಲೋ ಹುಟ್ಟಿ ಕೊನೆಗೆ ವಿಶ್ವವಿದ್ಯಾಲಯದ ಬಾಗಿಲಿಗೆ ಬಂದಿದೆ. ಶ್ರೀಲಂಕಾದಲ್ಲಿ ಆ ಜಗಳದ ಒಂದು ಮುಖ್ಯ ಬೇರು ಇದ್ದದ್ದೇ ವಿಶ್ವವಿದ್ಯಾಲಯದ ಬಾಗಿಲಲ್ಲಿ. ಜಾಫ್ನಾದ್ದು ಒಣ ನೆಲ. ಬಾವಿ ನೀರಿನ ಬೇಸಾಯ ಎಲ್ಲರ ಹೊಟ್ಟೆ ತುಂಬಿಸುವಷ್ಟಿರಲಿಲ್ಲ. ಅಮೆರಿಕನ್ ಮಿಷನರಿಗಳು 1823ರಲ್ಲೇ ವಟ್ಟುಕ್ಕೋಟ್ಟೈಯಲ್ಲಿ ಸೆಮಿನರಿ ತೆರೆದಿದ್ದರು. ಅದಕ್ಕೆ ಪೈಪೋಟಿಯಾಗಿ ಶೈವರೂ ಶಾಲೆಗಳನ್ನು ಕಟ್ಟಿದರು. ಹೀಗಾಗಿ ತಲೆಮಾರುಗಳ ಕಾಲ ಅಲ್ಲಿನ ಮಧ್ಯಮ ವರ್ಗಕ್ಕೆ ಓದೇ ಆಸ್ತಿ, ಸರ್ಕಾರಿ ಕೆಲಸವೇ ಫಸಲು. ಡಾಕ್ಟರು, ಎಂಜಿನಿಯರು ಆಗುವುದು ಪ್ರತಿ ಮನೆಯ ಹಂಬಲ. ಸಿ.ಡಬ್ಲ್ಯು.ಡಬ್ಲ್ಯು. ಕನ್ನಂಗರ ಅವರ ಮುಂದಾಳುತನದಲ್ಲಿ 1945ರಲ್ಲಿ ಉಚಿತ ಶಿಕ್ಷಣ ಜಾರಿಗೆ ಬಂದ ಮೇಲೆ ಇಡೀ ದ್ವೀಪದ ಮಕ್ಕಳು ಓದತೊಡಗಿದರು. ಆದರೆ ವಿಶ್ವವಿದ್ಯಾಲಯದ ಸೀಟುಗಳು ಆ ವೇಗದಲ್ಲಿ ಹೆಚ್ಚಲಿಲ್ಲ. ಬೇಕೆನ್ನುವವರು ಬಹಳ, ಇರುವುದು ಕಡಿಮೆ ಎಂದಾದಾಗ ಹಂಚುವವರ ಕೈ ಎತ್ತ ವಾಲುತ್ತದೆ ಎಂಬುದೇ ರಾಜಕೀಯವಾಗುತ್ತದೆ.

1970ರಲ್ಲಿ ಸಿರಿಮಾವೊ ಬಂಡಾರನಾಯಿಕೆ ಅವರ ಸರ್ಕಾರ ಬಂದ ಮೇಲೆ ಅದೇ ಆಯಿತು. ಆಗ ಜಾರಿಯಾದ ಏರ್ಪಾಟಿನಲ್ಲಿ ವೈದ್ಯಕೀಯ ಸೀಟಿಗೆ ತಮಿಳು ಮಾಧ್ಯಮದ ವಿದ್ಯಾರ್ಥಿ 400ಕ್ಕೆ 250 ಅಂಕ ಪಡೆಯಬೇಕಿತ್ತು, ಸಿಂಹಳ ಮಾಧ್ಯಮದವನಿಗೆ 229 ಸಾಕಿತ್ತು. ಮುಂದೆ ಜಿಲ್ಲಾವಾರು ಕೋಟಾ ಸೇರಿಕೊಂಡಿತು. ಇತಿಹಾಸಕಾರ ಸಿ.ಆರ್. ಡಿಸಿಲ್ವ ಕೊಡುವ ಲೆಕ್ಕದಂತೆ, 1969ರಲ್ಲಿ ವಿಜ್ಞಾನ ಸಂಬಂಧಿ ಕೋರ್ಸುಗಳಿಗೆ ಸೇರಿದವರಲ್ಲಿ ಶೇ 27.5ರಷ್ಟಿದ್ದ ಉತ್ತರ ಪ್ರಾಂತ್ಯದ ಪಾಲು 1974ರ ಹೊತ್ತಿಗೆ ಶೇ 7ಕ್ಕೆ ಇಳಿಯಿತು. ಅದೇ ಕೋಟಾದಿಂದ ಹಿಂದುಳಿದ ಜಿಲ್ಲೆಗಳ ಸಿಂಹಳ ಮಕ್ಕಳಿಗೂ ಮಟ್ಟಕಳಪ್ಪಿನಂಥ ಕಡೆಯ ತಮಿಳು ಮಕ್ಕಳಿಗೂ ಮೊದಲ ಸಲ ಅವಕಾಶ ಸಿಕ್ಕಿತೆಂಬುದನ್ನು ಮರೆಯುವಂತಿಲ್ಲ. ಆದರೆ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದೂ ಹೊರಗೆ ನಿಂತ ಜಾಫ್ನಾದ ಹುಡುಗನಿಗೆ ತನ್ನ ಭಾಷೆಯೇ ತಪ್ಪಾಯಿತು ಅನ್ನಿಸಿತು. ಬಂದೂಕು ಹಿಡಿದ ಗುಂಪುಗಳಿಗೆ ಹುಡುಗರು ಸಿಕ್ಕಿದ್ದು ಆ ಸಿಟ್ಟಿನಿಂದ. ಯುದ್ಧದ ಕಾರಣ ಇದೊಂದೇ ಅಲ್ಲ. ಆದರೆ ಇದನ್ನು ಬಿಟ್ಟು ಆ ಯುದ್ಧದ ಕಥೆ ಹೇಳಲಾಗುವುದಿಲ್ಲ.

ಆ ಸಿಟ್ಟಿನ ನಡುವೆಯೇ, 1974ರಲ್ಲಿ, ಜಾಫ್ನಾಕ್ಕೆ ವಿಶ್ವವಿದ್ಯಾಲಯದ ಆವರಣ ಬಂತು. ಪೊನ್ನಂಬಲಂ ರಾಮನಾಥನ್ ಕಟ್ಟಿಸಿದ್ದ ಪರಮೇಶ್ವರ ಕಾಲೇಜಿನ ಜಾಗವೇ ಅದರ ನೆಲೆ. ವಿಮರ್ಶಕ ಕೆ. ಕೈಲಾಸಪತಿ ಅದರ ಮೊದಲ ಮುಖ್ಯಸ್ಥ. 1978ರಲ್ಲಿ ವೈದ್ಯಕೀಯ ನಿಕಾಯ ಶುರುವಾಯಿತು. ಮರುವರ್ಷ ಅದು ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ನೆಮ್ಮದಿಯಾಗಿ ಪಾಠ ಮಾಡಲು ಅದಕ್ಕೆ ಸಿಕ್ಕ ವರ್ಷಗಳು ಕಡಿಮೆ. 1981ರಲ್ಲಿ ಊರಿನ ಸಾರ್ವಜನಿಕ ಗ್ರಂಥಾಲಯವನ್ನು ಸುಟ್ಟರು. ಸುಮಾರು 97,000 ಪುಸ್ತಕಗಳು ಹೋದವು. 1983ರಲ್ಲಿ ಸರ್ಕಾರಕ್ಕೂ ತಮಿಳು ಬಂಡುಕೋರ ಗುಂಪುಗಳಿಗೂ ನಡುವೆ ಯುದ್ಧ ಹೊತ್ತಿಕೊಂಡಿತು. 1987ರ ಅಕ್ಟೋಬರಿನಲ್ಲಿ ನಮ್ಮದೇ ಶಾಂತಿಪಾಲನಾ ಪಡೆಯ ಯೋಧರು ಹೆಲಿಕಾಪ್ಟರುಗಳಿಂದ ಈ ಆವರಣದ ಮೈದಾನಕ್ಕೆ ಇಳಿದರು, ಬಹಳ ಮಂದಿ ಅಲ್ಲೇ ಪ್ರಾಣ ಬಿಟ್ಟರು. 1995ರ ಅಕ್ಟೋಬರ್ ಕೊನೆಯಲ್ಲಿ ಸೇನೆ ಸಮೀಪಿಸಿದಾಗ ಲಕ್ಷಗಟ್ಟಲೆ ಜನ ಊರು ಬಿಟ್ಟರು. ವಿಶ್ವವಿದ್ಯಾಲಯವೂ ಅವರೊಂದಿಗೆ ಚದುರಿತು.

ಆ ಕಾಲದ ಒಬ್ಬರ ಹೆಸರನ್ನು ಹೇಳದೆ ಮುಂದೆ ಹೋಗಲಾರೆ. ರಜನಿ ತಿರಣಗಮ, ಅಂಗರಚನಾಶಾಸ್ತ್ರ ವಿಭಾಗದ ಮುಖ್ಯಸ್ಥೆ. ಸಹೋದ್ಯೋಗಿಗಳಾದ ರಾಜನ್ ಹೂಲ್, ದಯಾ ಸೋಮಸುಂದರಂ ಮತ್ತು ಕೆ. ಶ್ರೀತರನ್ ಜೊತೆ ಸೇರಿ ಅವರು ಎಲ್ಲ ಪಕ್ಷಗಳ ಹಿಂಸೆಯನ್ನೂ ದಾಖಲಿಸಿದರು. ಸರ್ಕಾರ, ಭಾರತೀಯ ಪಡೆ, ತಮಿಳು ಗುಂಪುಗಳು ಎಂದು ನೋಡದೆ, ಯಾರು ಯಾರಿಗೆ ಏನು ಮಾಡಿದರು ಎಂಬುದನ್ನು ಬರೆದಿಟ್ಟರು. 1989ರ ಸೆಪ್ಟೆಂಬರ್ 21ರಂದು ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದಾಗ ಅವರನ್ನು ಗುಂಡಿಕ್ಕಿ ಕೊಂದರು. ಆಗ ಅವರಿಗೆ 35 ವರ್ಷ. ಹೊರಗೆ ಹೋಗಿ ನೆಮ್ಮದಿಯಿಂದ ಇರಬಹುದಾಗಿದ್ದ ಅವರು ಜಾಫ್ನಾದಲ್ಲೇ ನಿಂತು ಮಕ್ಕಳಿಗೆ ಪಾಠ ಹೇಳಿದರು. ಗುಣಮಟ್ಟದ ಶಿಕ್ಷಣವೆಂದರೆ ಪ್ರಯೋಗಾಲಯ, ಗ್ರಂಥಾಲಯ ಎಂದು ನಾವು ಪಟ್ಟಿ ಮಾಡುತ್ತೇವೆ. ಹೋಗಬಹುದಾಗಿದ್ದೂ ಹೋಗದೆ ಉಳಿದ ಮೇಷ್ಟರುಗಳನ್ನು ಆ ಪಟ್ಟಿಯ ತಲೆಗೇ ಇಡಬೇಕು.

2009ರ ಮೇ ತಿಂಗಳಲ್ಲಿ ಯುದ್ಧ ಮುಲ್ಲೈತೀವು ಜಿಲ್ಲೆಯ ಸಣ್ಣದೊಂದು ಕರಾವಳಿ ಪಟ್ಟಿಯಲ್ಲಿ ಮುಗಿಯಿತು. ಬದುಕುಳಿದ ಸುಮಾರು ಮೂರು ಲಕ್ಷ ಜನರನ್ನು ವವುನಿಯಾ ಬಳಿಯ ಮೆನಿಕ್ ಫಾರ್ಮ್ ಮುಂತಾದ ಶಿಬಿರಗಳಲ್ಲಿ ಮುಳ್ಳುತಂತಿಯ ಹಿಂದೆ ಇರಿಸಿದರು. ಆ ಡೇರೆಗಳ ನಡುವಿನಿಂದಲೇ ಆ ವರ್ಷ ಮಕ್ಕಳು ಎ-ಲೆವೆಲ್ ಪರೀಕ್ಷೆಗೆ ಕೂತರು. ನಮ್ಮ ದ್ವಿತೀಯ ಪಿಯುಸಿಗೆ ಸಮನಾದ ಈ ಪರೀಕ್ಷೆಯೇ ಅಲ್ಲಿ ವಿಶ್ವವಿದ್ಯಾಲಯಕ್ಕೆ ಇರುವ ದಾರಿ. ಇಲ್ಲಿಂದ ಮುಂದಿನ ಮಾತುಗಳಿಗೆಲ್ಲ ನನಗೆ ಅಳತೆಗೋಲು ಆ ಮಗು. ಶಾಲೆ ಬಿದ್ದುಹೋದ, ಮನೆಯವರಲ್ಲಿ ಯಾರನ್ನಾದರೂ ಕಳೆದುಕೊಂಡ, ಜಾಫ್ನಾ ಪಟ್ಟಣದ ಟ್ಯೂಷನ್ ತರಗತಿಗಳನ್ನು ಕಂಡೇ ಇರದ ಮುಲ್ಲೈತೀವಿನ ಮಗು. ಅದು ಕ್ಲಾಸಿಗೆ ಬಂದು ಕೂರುವಂತಾಗಿ, ಕೂತ ಮೇಲೆ ಓದು ಮುಗಿಸುವಂತಾದರೆ ವಿಶ್ವವಿದ್ಯಾಲಯ ಯುದ್ಧಾನಂತರದ ತನ್ನ ಕೆಲಸ ಮಾಡಿದೆ ಎನ್ನುತ್ತೇನೆ. ಎಷ್ಟು ಕಟ್ಟಡ ಎದ್ದಿತು, ಎಷ್ಟು ಒಡಂಬಡಿಕೆಗೆ ಸಹಿ ಬಿತ್ತು ಎಂಬುದೆಲ್ಲ ಆಮೇಲಿನ ಮಾತು.

ಈ ಅಳತೆಯಲ್ಲಿ ಜಾಫ್ನಾ ವಿಶ್ವವಿದ್ಯಾಲಯದ ಅತಿ ಒಳ್ಳೆಯ ನಿರ್ಧಾರ ಯಾವುದು? ಜಾಫ್ನಾದಿಂದ ಹೊರಗೆ ಕಾಲಿಟ್ಟದ್ದು. ಎ-9 ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸುಮಾರು 65 ಕಿ.ಮೀ. ಹೋದರೆ ಕಿಳಿನೊಚ್ಚಿ. ಒಂದು ಕಾಲಕ್ಕೆ ತಮಿಳು ಬಂಡುಕೋರರ ಸಂಘಟನೆ ಎಲ್‌ಟಿಟಿಇ ಆಡಳಿತ ನಡೆಸುತ್ತಿದ್ದ ಪಟ್ಟಣ. ಯುದ್ಧ ಮುಗಿದ ಮೇಲೆ ಆ ದಾರಿಯಲ್ಲಿ ಹೋದಾಗ ರಸ್ತೆ ಬದಿಯಲ್ಲಿ ಅಡ್ಡ ಬಿದ್ದಿದ್ದ ಬೃಹತ್ ನೀರಿನ ಟ್ಯಾಂಕನ್ನು ಪ್ರವಾಸಿಗರು ಇಳಿದು ನೋಡುತ್ತಿದ್ದರು. ನನಗೆ ಅದಕ್ಕಿಂತ ನೋಡಬೇಕಾದದ್ದು ಅನ್ನಿಸಿದ್ದು ಊರಾಚೆಯ ಅರಿವಿಯಲ್ ನಗರದಲ್ಲಿ ವಿಶ್ವವಿದ್ಯಾಲಯ ತೆರೆದ ಹೊಸ ಆವರಣ. 1990ರಲ್ಲಿ ಕಿಳಿನೊಚ್ಚಿಯಲ್ಲೇ ಶುರುವಾಗಿ, ಯುದ್ಧದಿಂದ ಜಾಫ್ನಾಕ್ಕೆ ಓಡಿಹೋಗಬೇಕಾಗಿದ್ದ ಕೃಷಿ ನಿಕಾಯ ಇಲ್ಲಿಗೆ ಮರಳಿತು. ದಶಕಗಳಿಂದ ಜಾಫ್ನಾದವರು ಕೇಳುತ್ತಿದ್ದ ಎಂಜಿನಿಯರಿಂಗ್ ನಿಕಾಯವನ್ನೂ ಇಲ್ಲೇ ತೆರೆದರು. ಆಮೇಲೆ ತಂತ್ರಜ್ಞಾನ ನಿಕಾಯವೂ ಬಂತು. ಕೃಷಿ ಮತ್ತು ಎಂಜಿನಿಯರಿಂಗ್ ನಿಕಾಯಗಳಿಗೆ ಭಾರತ ಸರ್ಕಾರದ ನೆರವೂ ಇದೆ. ಇನ್ನೂ ದಕ್ಷಿಣಕ್ಕೆ, ವವುನಿಯಾದಲ್ಲಿ, 1991ರಲ್ಲಿ ಸಣ್ಣ ಕಾಲೇಜಾಗಿ ಆರಂಭವಾಗಿ 1997ರಲ್ಲಿ ಜಾಫ್ನಾದ ಒಂದು ಆವರಣವಾಗಿದ್ದ ಸಂಸ್ಥೆ 2021ರ ಆಗಸ್ಟ್ 1ರಂದು ಸ್ವತಂತ್ರ ವಿಶ್ವವಿದ್ಯಾಲಯವಾಯಿತು.

ಎಂಜಿನಿಯರಿಂಗನ್ನು ಜಾಫ್ನಾ ಪಟ್ಟಣದಲ್ಲೇ ತೆರೆಯುವುದು ಸುಲಭವಿತ್ತು. ಮೇಷ್ಟರುಗಳಿಗೆ ಅಲ್ಲಿ ಮನೆಗಳಿದ್ದವು, ಮಕ್ಕಳಿಗೆ ಒಳ್ಳೆಯ ಶಾಲೆಗಳಿದ್ದವು. ಕಿಳಿನೊಚ್ಚಿಯನ್ನು ಆರಿಸಿಕೊಂಡದ್ದರ ಫಲ ಪಾಠದ ಕೋಣೆಯ ಹೊರಗೂ ಕಾಣುತ್ತದೆ. ಹಾಸ್ಟೆಲು, ಊಟದ ಅಂಗಡಿ, ಬಾಡಿಗೆ ಕೋಣೆ, ಬಸ್ಸು ಹುಟ್ಟಿಕೊಂಡು ಹಾಳುಬಿದ್ದ ಊರಿಗೆ ದಿನನಿತ್ಯದ ಓಡಾಟ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಸುತ್ತಲ ಹಳ್ಳಿಯ ಹುಡುಗಿಯೊಬ್ಬಳಿಗೆ ಎಂಜಿನಿಯರ್ ಆಗುವವರು ಹೇಗಿರುತ್ತಾರೆಂಬುದು ದಿನಾ ಬಸ್‌ಸ್ಟ್ಯಾಂಡಿನಲ್ಲಿ ಕಣ್ಣಿಗೆ ಬೀಳುತ್ತದೆ. ಕಾಣದ ಓದನ್ನು ಯಾವ ಮಗುವೂ ಬಯಸುವುದಿಲ್ಲ.

ಇನ್ನು ಸೀಟು ಹಂಚುವ ನಿಯಮ. ಈಗ ಅಲ್ಲಿ ಕಲಾ ವಿಭಾಗವನ್ನು ಬಿಟ್ಟು ಹೆಚ್ಚಿನ ಕೋರ್ಸುಗಳಿಗೆ ಶೇ 40ರಷ್ಟು ಸೀಟು ಇಡೀ ದ್ವೀಪದ ಅಂಕಪಟ್ಟಿಯಿಂದ, ಶೇ 55 ಜಿಲ್ಲೆಗಳ ಜನಸಂಖ್ಯೆಗೆ ತಕ್ಕಂತೆ, ಉಳಿದ ಶೇ 5 ಶಿಕ್ಷಣದಲ್ಲಿ ಹಿಂದುಳಿದ ಜಿಲ್ಲೆಗಳಿಗೆ. ಮುಲ್ಲೈತೀವು, ಕಿಳಿನೊಚ್ಚಿ, ಮನ್ನಾರ್, ವವುನಿಯಾ ಆ ಹಿಂದುಳಿದ ಪಟ್ಟಿಯಲ್ಲಿವೆ. ನಮ್ಮವರಿಗೆ ಇದು ಅಪರಿಚಿತವೇನಲ್ಲ. 2012ರಲ್ಲಿ ಸಂಸತ್ತು ಒಪ್ಪಿದ 371(ಜೆ) ವಿಧಿಯ ಬಲದಿಂದ ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ಮೀಸಲಾಗಿವೆ. ರಾಯಚೂರಿನ ಹುಡುಗಿ ಮತ್ತು ಬೆಂಗಳೂರಿನ ಹುಡುಗಿ ಒಂದೇ ಗೆರೆಯಿಂದ ಓಟ ಶುರುಮಾಡಿಲ್ಲ ಎಂಬುದನ್ನು ಒಪ್ಪಿಕೊಂಡ ನಿಯಮ ಅದು. 1970ರ ಶ್ರೀಲಂಕಾದ ನಿಯಮಕ್ಕೂ ಈಗಿನದಕ್ಕೂ ಇರುವ ಅಂತರವನ್ನು ಈ ಬೆಳಕಿನಲ್ಲೇ ನೋಡಬೇಕು. ಹುಟ್ಟಿದ ಜಾಗದಲ್ಲಿ ಶಾಲೆಯಿಲ್ಲ, ಮೇಷ್ಟರಿಲ್ಲ ಎಂಬ ಕೊರತೆಯನ್ನು ಅಳೆದು ಸೀಟು ಕೊಟ್ಟರೆ ಸೋತವನಿಗೂ ಕಾರಣ ಅರ್ಥವಾಗುತ್ತದೆ. ಆಡುವ ಭಾಷೆಯನ್ನು ಅಳೆದು ಕಿತ್ತುಕೊಂಡರೆ ಅರ್ಥವಾಗುವುದು ಅವಮಾನ ಮಾತ್ರ. ಹಂಚಿಕೆಯ ಲೆಕ್ಕ ಎಲ್ಲರ ಕಣ್ಣೆದುರು ಇರಬೇಕು, ಅದರ ಆಧಾರ ಎಲ್ಲರಿಗೂ ಒಂದೇ ಆಗಿರಬೇಕು. ಜಗಳ ಕಂಡ ನಾಡಿನಲ್ಲಂತೂ ಇದರಲ್ಲಿ ರಾಜಿ ಕೂಡದು.

ಸೀಟು ಸಿಕ್ಕರೆ ಸಾಲದು ಎಂಬುದು ನನಗೆ ಗೊತ್ತಾದದ್ದು ನಮ್ಮ ಊರಿನಲ್ಲೇ. ಸುಳ್ಯ, ಪುತ್ತೂರು ಕಡೆಯವರಿಗೆ ರಬ್ಬರ್ ತೋಟದ ತಮಿಳರು ಗೊತ್ತು. ಸಿರಿಮಾವೊ ಮತ್ತು ಲಾಲ್ ಬಹಾದ್ದೂರ್ ಶಾಸ್ತ್ರಿ 1964ರಲ್ಲಿ ಮಾಡಿಕೊಂಡ ಒಪ್ಪಂದದಂತೆ ಶ್ರೀಲಂಕಾದ ಚಹಾ ತೋಟಗಳಿಂದ ಭಾರತಕ್ಕೆ ಬಂದ ಕುಟುಂಬಗಳಲ್ಲಿ ಒಂದಷ್ಟನ್ನು ಇಲ್ಲಿನ ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆಗೊಳಿಸಿದರು. ಇವರು ಜಾಫ್ನಾದ ತಮಿಳರಲ್ಲ. ಬ್ರಿಟಿಷರು ಕೂಲಿಗೆಂದು ಕರೆದೊಯ್ದವರ ಮಕ್ಕಳು, ಮೊಮ್ಮಕ್ಕಳು. ನನ್ನ ಕನ್ನಡ ಮಾಧ್ಯಮದ ಶಾಲೆಗೆ ಆ ಲೈನ್‌ಮನೆಗಳಿಂದ ಬರುತ್ತಿದ್ದ ಮಕ್ಕಳು ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು ಆಡುತ್ತಿದ್ದರು. ಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದವರೂ ಅವರಲ್ಲಿದ್ದರು. ಹತ್ತನೇ ತರಗತಿಯ ನಂತರ ಕಾಲೇಜಿನಲ್ಲಿ ಅವರ ಸಂಖ್ಯೆ ಥಟ್ಟನೆ ಕರಗಿತು. ಬೆಳಗಿನ ಜಾವ ರಬ್ಬರ್ ಹಾಲು ಇಳಿಸಲು ಕೈ ಬೇಕಿತ್ತು. ಪ್ರಮಾಣಪತ್ರಗಳಿಗಾಗಿ ಅಪ್ಪಂದಿರು ಕಚೇರಿ ಕಚೇರಿ ಅಲೆಯುತ್ತಿದ್ದರು. ಕಾಲೇಜಿಗೆ ಬಂದ ನಾವೂ ಇಂಗ್ಲಿಷಿನಲ್ಲಿ ಭೌತಶಾಸ್ತ್ರ ಕೇಳಿ ತಿಂಗಳುಗಟ್ಟಲೆ ಕಂಗಾಲಾಗಿದ್ದೆವು. ಬುದ್ಧಿಯ ಕೊರತೆಯಿಂದ ಯಾರೂ ಬಿಟ್ಟುಹೋಗಲಿಲ್ಲ.

ಮುಲ್ಲೈತೀವಿನ ಮಗುವಿನ ಕಷ್ಟಗಳೂ ಇದೇ ಜಾತಿಯವು, ಅದರ ಮೇಲೆ ಯುದ್ಧದ ಭಾರ. ತಮಿಳಿನಲ್ಲಿ ಎ-ಲೆವೆಲ್ ಓದಿದ ಮಗು ಎಂಜಿನಿಯರಿಂಗ್, ವೈದ್ಯಕೀಯಕ್ಕೆ ಬಂದೊಡನೆ ಪಾಠವೆಲ್ಲ ಇಂಗ್ಲಿಷ್. ಶುಲ್ಕವಿಲ್ಲ, ನಿಜ. ಆದರೆ ಊಟ, ಬಾಡಿಗೆ, ಬಸ್ಸಿಗೆ ದುಡ್ಡು ಬೇಕು. 1981ರಿಂದ ಇರುವ ಮಹಾಪೊಲ ವಿದ್ಯಾರ್ಥಿವೇತನ ಬಹುಕಾಲ ತಿಂಗಳಿಗೆ 5000 ಶ್ರೀಲಂಕಾ ರೂಪಾಯಿಯ ಆಸುಪಾಸಿನಲ್ಲೇ ನಿಂತಿತ್ತು. 2022ರ ಆರ್ಥಿಕ ಕುಸಿತದಲ್ಲಿ ಅಕ್ಕಿ, ಸೀಮೆಎಣ್ಣೆಯ ಬೆಲೆ ಗಗನಕ್ಕೇರಿದಾಗ ಆ ಹಣ ವಾರಗಳಲ್ಲಿ ಕರಗುತ್ತಿತ್ತು. ಹಾಸ್ಟೆಲಿನ ಊಟ, ಮೊದಲ ವರ್ಷದ ಇಂಗ್ಲಿಷ್ ತರಗತಿ, ಕೈ ಹಿಡಿದು ನಡೆಸುವ ಹಿರಿಯ ವಿದ್ಯಾರ್ಥಿ, ಇವು ವರದಿಗಳಲ್ಲಿ ಕೊನೆಯ ಪುಟಕ್ಕೆ ಹೋಗುವ ಸಂಗತಿಗಳು. ನನ್ನ ಮಟ್ಟಿಗೆ ಇವೇ ಮೊದಲ ಪುಟ.

ಈಗ ಮೇಷ್ಟರ ಪ್ರಶ್ನೆಗೆ ಬರುತ್ತೇನೆ. ಶಾಲೆ ಮೊದಲೋ ವಿಶ್ವವಿದ್ಯಾಲಯ ಮೊದಲೋ? ಮುಲ್ಲೈತೀವಿನ ಪ್ರೌಢಶಾಲೆಗೆ ಗಣಿತ, ರಸಾಯನಶಾಸ್ತ್ರ ಕಲಿಸುವ ಪದವೀಧರರು ಎಲ್ಲಿಂದ ಬರಬೇಕು? ಕೊಲಂಬೊದಿಂದ ವರ್ಗವಾಗಿ ಬಂದವರು ಮರು ವರ್ಗಕ್ಕೆ ಅರ್ಜಿ ಹಿಡಿದೇ ಬರುತ್ತಾರೆ. ಆ ನೆಲದಲ್ಲಿ ಹುಟ್ಟಿ, ಹತ್ತಿರದಲ್ಲೇ ಪದವಿ ಪಡೆದು ಹಿಂತಿರುಗಿದವರು ಉಳಿಯುವ ಸಂಭವ ಹೆಚ್ಚು. ಹಾಗಾಗಿ ಯುದ್ಧ ಮುಗಿದ ಊರಿನಲ್ಲಿ ಶಾಲೆಯ ಪಾಯಕ್ಕೆ ಬೇಕಾದ ಕಲ್ಲು ವಿಶ್ವವಿದ್ಯಾಲಯದಿಂದಲೇ ಬರಬೇಕಾಗುತ್ತದೆ. ಎರಡನ್ನೂ ಒಟ್ಟಿಗೇ ಎಬ್ಬಿಸಬೇಕು.

ಇದಕ್ಕೆ ಜಾಫ್ನಾದಲ್ಲೇ ಒಂದು ಮೇಲ್ಪಂಕ್ತಿ ಇದೆ. ರಜನಿಯವರ ಸಹಲೇಖಕ, ಮನೋವೈದ್ಯ ದಯಾ ಸೋಮಸುಂದರಂ ಯುದ್ಧದ ನಡುವೆಯೇ ಕಂಡುಕೊಂಡ ಸತ್ಯವೊಂದಿದೆ: ಬಾಂಬಿನ ಸದ್ದು ಕೇಳಿ ಬೆಳೆದ ಮಗುವಿಗೆ ಪಾಠ ತಲೆಗೆ ಹತ್ತುವುದಿಲ್ಲ, ನಿದ್ದೆ ಬರುವುದಿಲ್ಲ, ಸದ್ದಾದರೆ ಬೆಚ್ಚುತ್ತದೆ. ಮೇಷ್ಟರು ಅದನ್ನು ಸೋಮಾರಿತನ ಎಂದುಕೊಳ್ಳುತ್ತಾರೆ. ಇಡೀ ಉತ್ತರಕ್ಕೆ ಬೆರಳೆಣಿಕೆಯ ಮನೋವೈದ್ಯರು. ಹಾಗಾಗಿ ಅವರೂ ಸಂಗಡಿಗರೂ ಶಾಲಾ ಶಿಕ್ಷಕರಿಗೆ, ಊರಿನ ಕಾರ್ಯಕರ್ತರಿಗೆ ಮನಸ್ಸಿನ ಗಾಯ ಗುರುತಿಸುವ, ಆಡಿಸಿ ಮಾತಾಡಿಸಿ ಸಮಾಧಾನಪಡಿಸುವ ತರಬೇತಿ ಕೊಟ್ಟರು, ತಮಿಳಿನಲ್ಲಿ ಕೈಪಿಡಿಗಳನ್ನು ಸಿದ್ಧಪಡಿಸಿದರು. ವೈದ್ಯಕೀಯ ನಿಕಾಯದ ತಿಳಿವಳಿಕೆ ಹಳ್ಳಿಯ ಮೂರನೇ ತರಗತಿಯವರೆಗೆ ಹೋಯಿತು. ಶಿಕ್ಷಣವನ್ನು ಹೆಚ್ಚು ಜನಕ್ಕೆ ತಲುಪಿಸುವುದು ಎಂದರೆ ಇದೂ ಸೇರಿದೆ. ಮುಂದೆಂದೋ ವಿಶ್ವವಿದ್ಯಾಲಯಕ್ಕೆ ಬರಬೇಕಾದ ಮಗುವನ್ನು ಅದರ ಎಂಟನೇ ವಯಸ್ಸಿನಲ್ಲೇ ಕಾಯ್ದುಕೊಂಡಂತಾಯಿತು.

ಬಂದ ಮಕ್ಕಳು ಒಟ್ಟಿಗೆ ಬಾಳಲು ಕಲಿಯುವುದು ಇನ್ನೊಂದು ಕಠಿಣ ಪಾಠ. ಯುದ್ಧದ ನಂತರ ದಕ್ಷಿಣದ ಸಿಂಹಳ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿ ಜಾಫ್ನಾಕ್ಕೆ ಬರತೊಡಗಿದರು. 2016ರ ಜುಲೈನಲ್ಲಿ ವಿಜ್ಞಾನ ನಿಕಾಯದ ಸ್ವಾಗತ ಮೆರವಣಿಗೆಗೆ ಕ್ಯಾಂಡಿ ನೃತ್ಯ ಸೇರಿಸುವ ವಿಚಾರಕ್ಕೆ ತಮಿಳು ಮತ್ತು ಸಿಂಹಳ ವಿದ್ಯಾರ್ಥಿಗಳು ಹೊಡೆದಾಡಿಕೊಂಡರು, ತರಗತಿಗಳು ನಿಂತವು. 2021ರ ಜನವರಿ 8ರ ರಾತ್ರಿ, ಯುದ್ಧದ ಕೊನೆಯಲ್ಲಿ ಸತ್ತವರಿಗಾಗಿ ಆವರಣದಲ್ಲಿ ಕಟ್ಟಿದ್ದ ಮುಳ್ಳಿವಾಯ್ಕಾಲ್ ಸ್ಮಾರಕವನ್ನು ಕೆಡವಿದರು. ವಿದ್ಯಾರ್ಥಿಗಳು ಉಪವಾಸ ಕೂತರು. ಮೂರೇ ದಿನದಲ್ಲಿ ಕುಲಪತಿ ಹೊಸ ಅಡಿಗಲ್ಲು ಇಟ್ಟರು. ಕೆಲವೇ ತಿಂಗಳಲ್ಲಿ ಸ್ಮಾರಕ ಮತ್ತೆ ಎದ್ದಿತು. ಎರಡೂ ಘಟನೆಗಳು ಹೇಳುವುದು ಒಂದೇ: ತಮಿಳು ಮಗು ತನ್ನ ಸತ್ತವರನ್ನು ಅಂಜದೆ ನೆನೆಯಲಾಗಬೇಕು, ಸಿಂಹಳ ಮಗು ತನ್ನ ಡೋಲನ್ನು ಅಂಜದೆ ಬಾರಿಸಲಾಗಬೇಕು. 1990ರಲ್ಲಿ ಎಲ್‌ಟಿಟಿಇ ಉತ್ತರದಿಂದ ಹೊರಗಟ್ಟಿದ ಸುಮಾರು 75,000 ಮುಸ್ಲಿಮರ ಮೊಮ್ಮಕ್ಕಳು ಇದೇ ಆವರಣಕ್ಕೆ ನಮ್ಮೂರಿನ ವಿಶ್ವವಿದ್ಯಾಲಯ ಎಂದು ಬರಲಾಗಬೇಕು. ಮೂವರೂ ಒಂದೇ ಬೆಂಚಿನಲ್ಲಿ ಕೂತು ಒಂದೇ ಪ್ರಯೋಗ ಮಾಡಿ ಮುಗಿಸಿದರೆ ಅಷ್ಟರಮಟ್ಟಿಗೆ ಆ ದೇಶ ಗಟ್ಟಿಯಾಗುತ್ತದೆ.

ಆಗಬೇಕಾದದ್ದು ಬೆಟ್ಟದಷ್ಟಿದೆ. ಮನೆಗಳನ್ನು ಮತ್ತೆ ಕಟ್ಟಿದಷ್ಟು ಬೇಗ ಕಲಿಕೆಯನ್ನು ಕಟ್ಟಲಾಗದು. ಓದು ಮುಗಿಸಿದ ಜಾಣರು ಕೆನಡಾ, ಬ್ರಿಟನ್ನಿನ ಬಂಧುಗಳ ಬಳಿಗೆ ಹೊರಡುತ್ತಾರೆ, ಬೋಧಕರ ಹುದ್ದೆಗಳು ಖಾಲಿ ಬೀಳುತ್ತವೆ. ಇಲ್ಲಿ ನಮ್ಮ ಪಾತ್ರವೂ ಇದೆ. ಶ್ರೀಲಂಕಾದ ವಿದ್ಯಾರ್ಥಿಗಳಿಗೆ ಭಾರತ ಸರ್ಕಾರ ಕೊಡುವ ವಿದ್ಯಾರ್ಥಿವೇತನಗಳಲ್ಲಿ ಬೆಂಗಳೂರು, ಮೈಸೂರಿಗೆ ಬಂದು ಓದುವ ದಾರಿಯಿದೆ. ನಮ್ಮ ವಿಶ್ವವಿದ್ಯಾಲಯಗಳು ಅಲ್ಲಿನ ಸಂಸ್ಥೆಗಳೊಂದಿಗೆ ಕೈಜೋಡಿಸುವಾಗ ಕೊಲಂಬೊದಲ್ಲೇ ನಿಲ್ಲದೆ ಕಿಳಿನೊಚ್ಚಿ, ವವುನಿಯಾಕ್ಕೂ ಹೋಗಲಿ. ಒಣಭೂಮಿ ಬೇಸಾಯದಲ್ಲಿ ಧಾರವಾಡ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯಗಳಿಗೆ ಇರುವ ಅನುಭವ ಆ ಜಿಲ್ಲೆಗಳಿರುವ ವನ್ನಿ ಪ್ರದೇಶದ, ಮಳೆಗಾಲವನ್ನೇ ನಂಬಿದ ರೈತರ ಮಕ್ಕಳಿಗೆ ನೇರವಾಗಿ ಒದಗುವಂಥದ್ದು. ಅಲ್ಲಿನ ತರುಣ ಬೋಧಕರು ಇಲ್ಲಿ ಪಿಎಚ್.ಡಿ. ಮುಗಿಸಿ ಹಿಂತಿರುಗುವ ಕರಾರಿನ ಮೇಲೆ ಬರಲಿ.

ಹಾಗಾಗಿ ಕೇಳಿದವರಿಗೆ ನನ್ನ ಉತ್ತರ ಇಷ್ಟು. ಯುದ್ಧ ಮುಗಿದ ಊರಿಗೆ ಅನ್ನ, ಸೂರಿನ ಜೊತೆಗೇ ವಿಶ್ವವಿದ್ಯಾಲಯ ಬೇಕು, ಏಕೆಂದರೆ ಆ ಊರಿನ ಡಾಕ್ಟರು, ಮೇಷ್ಟರು, ಎಂಜಿನಿಯರುಗಳನ್ನು ಬೇರೆ ಯಾರೂ ಶಾಶ್ವತವಾಗಿ ಕಳಿಸಿಕೊಡುವುದಿಲ್ಲ. ಆದರೆ ಅದು ಪಟ್ಟಣದಿಂದ ಹಳ್ಳಿಯತ್ತ ಹೋಗುವಂಥದ್ದಾಗಿರಬೇಕು, ಸೀಟಿನ ಲೆಕ್ಕವನ್ನು ಬಯಲಲ್ಲಿ ಇಡಬೇಕು, ಬಂದ ಮಗುವಿನ ಊಟ, ಭಾಷೆ, ನಿದ್ದೆಯ ಬಗ್ಗೆಯೂ ಕೇಳಬೇಕು. ಶ್ರೀಲಂಕಾ 1970ರಲ್ಲಿ ವಿಶ್ವವಿದ್ಯಾಲಯದ ಬಾಗಿಲಲ್ಲಿ ಮಾಡಿದ ಅನ್ಯಾಯಕ್ಕೆ ಇಡೀ ದೇಶ ಬೆಲೆ ತೆತ್ತಿತು. ಅದೇ ಬಾಗಿಲಲ್ಲಿ ಈಗ ಮಾಡುವ ನ್ಯಾಯಕ್ಕೂ ಅಷ್ಟೇ ದೂರದವರೆಗೆ ಫಲ ಸಿಗುತ್ತದೆ ಎಂದು ನಂಬಿದ್ದೇನೆ. ಮುಂದಿನ ಸಲ ಯಾರಾದರೂ ಯುದ್ಧಾನಂತರದ ಪುನರ್ನಿರ್ಮಾಣದ ಅಂಕಿಅಂಶ ತೋರಿಸಿದರೆ, ಅತಿ ಹಿಂದುಳಿದ ಜಿಲ್ಲೆಯಿಂದ ಈ ವರ್ಷ ಎಷ್ಟು ಮಕ್ಕಳು ಪದವಿ ಮುಗಿಸಿದರು ಎಂದು ಅವರನ್ನು ಮೊದಲು ಕೇಳಿ.